ಪುಸ್ತಕ ಬಿಸಾಕಿ ಪೇಟೆಗೆ ಹೊರಟವರು

ಸಿನೆಮಾ ಶುರುವಾಯಿತು. ಪರದೆ ಮೇಲೆ ಏನೂ ಇಲ್ಲ, ಬರೀ ಕತ್ತಲು. ನನ್ನ ಕಂಪ್ಯೂಟರೇ ಕೈಕೊಟ್ಟಿತು ಅಂದುಕೊಂಡು ಒಂದೆರಡು ಕೀಲಿ ಒತ್ತಿಯೂ ನೋಡಿದೆ. ಅಷ್ಟರಲ್ಲಿ ಒಬ್ಬ ಹುಡುಗ ಎದುರಿಗೆ ಬಂದು, ನೇರ ನನ್ನ ಮುಖವನ್ನೇ ನೋಡುತ್ತಾ ದಬಾಯಿಸಲು ಶುರುಮಾಡಿದ. ಕತ್ತಲಲ್ಲಿ ಹೀಗೆ ಸುಮ್ಮನೆ ಕೂತು ಏನನ್ನು ಕಾಯ್ತಾ ಇದ್ದೀಯ, ಕಾದರೆ ಏನೂ ಆಗಲ್ಲ ಅನ್ನುವ ಧಾಟಿ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಂತಲೂ ಹೇಳಿದ. ರಾತ್ರಿ ಹನ್ನೊಂದರ ಮೇಲೆ ಒಬ್ಬನೇ ಕೋಣೆಯಲ್ಲಿ ಕೂತವನಿಗೆ ಹೀಗೆ ಬೈಸಿಕೊಂಡರೆ ಹೇಗಾಗಬೇಡ! ಎದ್ದು ಹೋಗೋಣ ಅನ್ನಿಸಿತು. ಆದರೆ ಹೋಗಲಿಲ್ಲ. 137 ನಿಮಿಷವೂ ನೋಡಿದೆ.

ಸಿನೆಮಾದ ಹೆಸರು ‘ಶೊ ಓ ಸುತೆಯೊ ಮಾಚಿ ಎ ದೆಯೋ’. 1971ರದ್ದು. ನಿರ್ದೇಶಕ ತೆರಯಾಮಾ ಶೂಜಿ (ಜಪಾನಿನವರಲ್ಲಿ ಮನೆತನದ ಹೆಸರು ಮೊದಲು). ಇಂಗ್ಲಿಷಿನಲ್ಲಿ ಈ ಹೆಸರನ್ನು ಪುಸ್ತಕ ಎಸೆದು ಬೀದಿಯಲ್ಲಿ ಪ್ರತಿಭಟನೆಗೆ ಸೇರಿ ಅನ್ನುವ ಅರ್ಥ ಬರುವ ಹಾಗೆ ಅನುವಾದ ಮಾಡಿದ್ದಾರೆ. ಆದರೆ ಜಪಾನಿಯಲ್ಲಿ ಪ್ರತಿಭಟನೆಯೂ ಇಲ್ಲ, ಮೆರವಣಿಗೆಯೂ ಇಲ್ಲ. ‘ಮಾಚಿ’ ಅಂದರೆ ಪೇಟೆ. ಪುಸ್ತಕ ಬಿಸಾಕು, ಪೇಟೆಗೆ ಹೋಗೋಣ, ಅಷ್ಟೆ! ಈ ಸಣ್ಣ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕತೆ ಅಂತ ಹೇಳುವುದಾದರೆ ಇಷ್ಟು. ಹಳಿಗಳ ಪಕ್ಕದ ಒಂದು ಹರಕು ಮನೆ. ಕೆಲಸವಿಲ್ಲದ, ಹಿಂದೆ ಸೈನ್ಯದಲ್ಲಿದ್ದ ಅಪ್ಪ. ಅಂಗಡಿಗಳಲ್ಲಿ ಸಾಮಾನು ಕದಿಯುವ ಚಟದ ಅಜ್ಜಿ. ಯಾರ ಜೊತೆಗೂ ಬೆರೆಯದೆ ತನ್ನ ಮೊಲವೊಂದನ್ನೇ ಹಚ್ಚಿಕೊಂಡ ತಂಗಿ ಸೆತ್ಸು. ಇವರ ಮಧ್ಯೆ ನಮ್ಮ ಹುಡುಗ. ಅವನಿಗೆ ಕಾಲೇಜಿನ ಫುಟ್‌ಬಾಲ್ ತಂಡದ ನಾಯಕ ಓಮಿ ಅಂದರೆ ದೇವರು. ಅಜ್ಜಿಯ ಕುಮ್ಮಕ್ಕಿನಿಂದ ಪಕ್ಕದ ಮನೆಯವನು ಮೊಲವನ್ನು ಕೊಲ್ಲುತ್ತಾನೆ. ಆಮೇಲೆ ಅದೇ ಫುಟ್‌ಬಾಲ್ ತಂಡದವರು ತಂಗಿಯ ಮೇಲೆ ಅತ್ಯಾಚಾರ ಮಾಡುತ್ತಾರೆ. ಅಣ್ಣ ಏನೂ ಮಾಡಲಾರದೆ ಹೋಗುತ್ತಾನೆ. ನಡುನಡುವೆ ಅವನಿಗೊಂದು ಕನಸು. ಎಂಜಿನ್ ಇಲ್ಲದ, ಮನುಷ್ಯನೇ ತುಳಿದು ಹಾರಿಸುವ ಒಂದು ವಿಮಾನ.

ಇದನ್ನು ನಾನು ಹೇಳಿದಷ್ಟು ನೇರವಾಗಿ ತೆರಯಾಮಾ ಹೇಳುವುದಿಲ್ಲ. ಒಂದು ದೃಶ್ಯ ಪೂರ್ತಿ ಹಸಿರು, ಇನ್ನೊಂದು ಪೂರ್ತಿ ಗುಲಾಬಿ ನೇರಳೆ. ಗೋಡೆ, ರಸ್ತೆ ಎಲ್ಲೆಂದರಲ್ಲಿ ಬರಹಗಳು. ಪೇಟೆಯ ನಡುವೆ ಅಸಭ್ಯ ಆಕಾರದ ಒಂದು ಪಂಚಿಂಗ್ ಬ್ಯಾಗ್ ನೇತುಹಾಕಿ, ದಾರಿಹೋಕರನ್ನು ಗುದ್ದಲು ಬಿಟ್ಟು ಕ್ಯಾಮೆರಾ ತಿರುಗಿಸಿದ್ದಾನೆ. ಅಮೆರಿಕದ ಬಾವುಟ ಉರಿಯುತ್ತದೆ. ಕತೆ ಎಲ್ಲೋ ನಿಂತು ಹಾಡು ಬರುತ್ತದೆ. ಕತೆ ನಿಲ್ಲಿಸಿ ಹಾಡು ಹಾಕುವುದು ನಮಗೇನು ಹೊಸದಲ್ಲ ಬಿಡಿ! ಆದರೆ ನಮ್ಮ ಹಾಡಿನಲ್ಲಿ ನಾಯಕನ ಕಷ್ಟ ಐದು ನಿಮಿಷವಾದರೂ ಮರೆಯುತ್ತದೆ. ಇಲ್ಲಿನ ರಾಕ್ ಹಾಡುಗಳು ಗುಂಪಾಗಿ ಅರಚಿ, ಗಾಯದ ಮೇಲೆ ಬೆರಳಿಟ್ಟು ಒತ್ತುತ್ತವೆ.

ಸಿನೆಮಾ ಇಷ್ಟವಾಯಿತೋ ಇಲ್ಲವೋ ನನಗೇ ಸರಿಯಾಗಿ ಗೊತ್ತಾಗಲಿಲ್ಲ. ತಂಗಿಯ ದೃಶ್ಯವಂತೂ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಹುಡುಗರ ಸಿಟ್ಟಿನ ಬಗ್ಗೆ ಇಷ್ಟು ಹೇಳುವ ಸಿನೆಮಾ, ಆ ಸಿಟ್ಟಿಗೆ ಬಲಿಯಾದ ಹುಡುಗಿಗೆ ಮಾತೇ ಕೊಡುವುದಿಲ್ಲ. ಆದರೆ ಈ ಹುಡುಗರೆಲ್ಲ ಯಾರು, ಯಾಕಿಷ್ಟು ಸಿಟ್ಟು, ಪುಸ್ತಕ ಬಿಸಾಕು ಅನ್ನುವಷ್ಟು ಪುಸ್ತಕ ಏನು ತಪ್ಪು ಮಾಡಿತ್ತು ಅನ್ನುವ ಪ್ರಶ್ನೆ ಬಿಡಲಿಲ್ಲ. ಆ ಕಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹೌದು, ಪುಸ್ತಕ ಬಿಸಾಕು ಅಂದವನ ಬಗ್ಗೆ ತಿಳಿಯಲು ಪುಸ್ತಕವನ್ನೇ ಓದಬೇಕಾಯಿತು!

ತೆರಯಾಮಾ ಹುಟ್ಟಿದ್ದು 1935ರಲ್ಲಿ, ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯ ಅವೊಮೊರಿ ಸೀಮೆಯಲ್ಲಿ. ಹಿಮ, ಬಡತನ, ರಾಜಧಾನಿಯವರು ಗೇಲಿ ಮಾಡುವ ಭಾಷೆ. ಅಪ್ಪ ಪೊಲೀಸ್ ಕೆಲಸದಲ್ಲಿದ್ದವನು, ಯುದ್ಧಕ್ಕೆ ಹೋಗಿ 1945ರಲ್ಲಿ ಈಗಿನ ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಸತ್ತ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ವಿಮಾನಗಳು ಅವೊಮೊರಿ ಪಟ್ಟಣವನ್ನು ಸುಟ್ಟವು. ತಾಯಿ ಮಗ ಹೇಗೋ ಜೀವ ಉಳಿಸಿಕೊಂಡರು. ಆಮೇಲೆ ತಾಯಿ ಹೊಟ್ಟೆಪಾಡಿಗೆ ಸೇರಿದ್ದು ಅಮೆರಿಕದ ಸೇನಾ ನೆಲೆಯಲ್ಲೇ. ಮುಂದೆ ಅವಳು ದೂರದ ದಕ್ಷಿಣದ ಇನ್ನೊಂದು ನೆಲೆಗೆ ಹೋದಾಗ ಹುಡುಗನನ್ನು ನೆಂಟರ ಮನೆಯಲ್ಲಿ ಬಿಟ್ಟಳು. ಆ ನೆಂಟರದ್ದೊಂದು ಸಿನೆಮಾ ಟಾಕೀಸು. ಹುಡುಗನ ವಾಸ ಪರದೆಯ ಹಿಂದಿನ ಕೋಣೆಯಲ್ಲಿ!

ಇದನ್ನು ಓದಿದಾಗ ಸಿನೆಮಾದ ಆ ಮೊದಲ ದೃಶ್ಯ ಮತ್ತೆ ಕಣ್ಣಮುಂದೆ ಬಂತು. ಎಲ್ಲರೂ ಪರದೆಯ ಮುಂದೆ ಕೂತು ಸಿನೆಮಾ ನೋಡಿದರೆ, ಈತ ಅದರ ಹಿಂದಿದ್ದು ಬೆಳೆದವನು. ಕತ್ತಲಲ್ಲಿ ಕೂತ ನಮ್ಮನ್ನು ಹಿಂದಿನಿಂದ ಬಂದು ದಬಾಯಿಸಿದ್ದರಲ್ಲಿ ಆಶ್ಚರ್ಯವೇನಿದೆ?

1954ರಲ್ಲಿ, ಹದಿನೆಂಟರ ಹರೆಯದಲ್ಲಿ, ಮೂವತ್ತೊಂದು ಮಾತ್ರೆಗಳ ಹಳೆಯ ಛಂದಸ್ಸಾದ ‘ತಾಂಕಾ’ದಲ್ಲಿ ಪದ್ಯ ಬರೆದು ದೊಡ್ಡ ಬಹುಮಾನ ಗಳಿಸಿದ. ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯ ಸೇರಿದ. ಮರುವರ್ಷವೇ ಮೂತ್ರಪಿಂಡದ ಕಾಯಿಲೆ ಬಂದು ಆಸ್ಪತ್ರೆ ಸೇರಿ ವರ್ಷಗಟ್ಟಲೆ ಮಲಗಿದ. ಓದಿದ್ದೆಲ್ಲ ಹಾಸಿಗೆಯ ಮೇಲೆ. ‘ಪುಸ್ತಕ ಬಿಸಾಕು’ ಅನ್ನುವ ಮಾತೂ ಅವನಿಗೆ ಪುಸ್ತಕದಿಂದಲೇ ಸಿಕ್ಕಿದ್ದು. 1897ರಲ್ಲಿ ಬಂದ ಆಂದ್ರೆ ಜೀದ್‌ನ ಒಂದು ಫ್ರೆಂಚ್ ಕೃತಿಯಲ್ಲಿ, ಇದನ್ನು ಓದಿ ಮುಗಿಸಿ ಎಸೆದುಬಿಡು ಅಂತ ಲೇಖಕನೇ ತನ್ನ ಓದುಗನಿಗೆ ಹೇಳುತ್ತಾನೆ. ಅದನ್ನು ತೆರಯಾಮಾ ಎತ್ತಿಕೊಂಡ.

1963ರಲ್ಲಿ ಅವನದೊಂದು ಪುಸ್ತಕ ಬಂತು. ಮುಂದೆ ಅದು ಪ್ರಸಿದ್ಧವಾಗಿದ್ದು ‘ಮನೆಬಿಟ್ಟು ಓಡಿಹೋಗಿ ಅಂತ ನನ್ನ ಸಲಹೆ’ ಅನ್ನುವ ಅರ್ಥದ ಹೆಸರಿನಲ್ಲಿ. ಹುಡುಗ ಹುಡುಗಿಯರು ಅದನ್ನು ಓದಿ ನಿಜಕ್ಕೂ ಮನೆಬಿಟ್ಟರು. ಬಿಟ್ಟು ನೇರ ಇವನ ಬಾಗಿಲಿಗೇ ಬಂದರು. ಏನು ಮಾಡುವುದು? 1967ರಲ್ಲಿ ಅವನು ಕಟ್ಟಿದ ನಾಟಕ ತಂಡದಲ್ಲಿ ಅಂಥವರಿಗೂ ಜಾಗ ಸಿಕ್ಕಿತು. ತಂಡದ ಹೆಸರು ‘ತೆಂಜೋ ಸಾಜಿಕಿ’, ಅಂದರೆ ನಾಟಕಶಾಲೆಯಲ್ಲಿ ಚಾವಣಿಗೆ ಹತ್ತಿರವಿರುವ, ಎಲ್ಲಕ್ಕಿಂತ ಅಗ್ಗದ ಸೀಟು. ನಮ್ಮ ಗಾಂಧಿ ಕ್ಲಾಸು ಅನ್ನಿ, ಅಲ್ಲಿ ಮಾತ್ರ ಅದು ಮೇಲಿರುತ್ತದೆ. ‘ಪುಸ್ತಕ ಬಿಸಾಕು’ ಅದೇ 1967ರಲ್ಲಿ ಪ್ರಬಂಧಗಳ ಪುಸ್ತಕವಾಯಿತು, 1968ರಲ್ಲಿ ಹದಿಹರೆಯದವರು ತಮ್ಮದೇ ಪದ್ಯ ಓದುವ ನಾಟಕವಾಯಿತು, 1971ರಲ್ಲಿ ಸಿನೆಮಾ. ಸಂಗೀತ ಕೊಟ್ಟವರಲ್ಲಿ ಮುಖ್ಯನಾದ ಜೆ. ಎ. ಸೀಜರ್ ಕೂಡ ದಕ್ಷಿಣದ ಮಿಯಾಜಾಕಿಯಿಂದ ಬಂದು, ಕೂದಲು ಬಿಟ್ಟುಕೊಂಡು ಶಿಂಜುಕು ಪೇಟೆಯಲ್ಲಿ ಅಲೆಯುತ್ತಿದ್ದವನು.

ಆ ಶಿಂಜುಕು ಬಗ್ಗೆ ಸ್ವಲ್ಪ ಹೇಳಲೇಬೇಕು. 1960ರ ದಶಕದ ಟೋಕಿಯೋದ ಸಿಟ್ಟಿನ ಹುಡುಗರೆಲ್ಲ ಸೇರುತ್ತಿದ್ದ ಪೇಟೆ ಅದು. ಅಮೆರಿಕದ ಜೊತೆಗಿನ ರಕ್ಷಣಾ ಒಪ್ಪಂದದ ವಿರುದ್ಧ 1960ರಲ್ಲೇ ದೊಡ್ಡ ಚಳವಳಿ ನಡೆದು, ಜೂನ್ 15ರಂದು ಸಂಸತ್ತಿನ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿ ಸತ್ತಿದ್ದಳು. ಒಪ್ಪಂದ ನಿಲ್ಲಲಿಲ್ಲ. ಆಮೇಲೆ ವಿಯೆಟ್ನಾಂ ಯುದ್ಧ ಬಂತು. 1968ರ ಅಕ್ಟೋಬರ್ 21ರಂದು ಯುದ್ಧ ವಿರೋಧಿಗಳು ಶಿಂಜುಕು ರೈಲು ನಿಲ್ದಾಣಕ್ಕೆ ನುಗ್ಗಿದರು. ಏಳುನೂರಕ್ಕೂ ಹೆಚ್ಚು ಜನರ ಬಂಧನವಾಯಿತು. 1969ರ ಜನವರಿ 18 ಮತ್ತು 19ರಂದು ಟೋಕಿಯೋ ವಿಶ್ವವಿದ್ಯಾಲಯದ ಯಾಸುದಾ ಸಭಾಂಗಣದಲ್ಲಿ ಅಡಗಿ ಕೂತ ವಿದ್ಯಾರ್ಥಿಗಳನ್ನು ಹೊರಹಾಕಲು ಸುಮಾರು 8,500 ಪೊಲೀಸರು ಬಂದರು.

ಕಲ್ಲು, ದೊಣ್ಣೆಗಳ ಈ ಚರಿತ್ರೆಯ ನಡುವೆ ನನಗೆ ಬಹಳ ಹಿಡಿಸಿದ್ದು ಒಂದು ಗಿಟಾರಿನ ಕತೆ. 1969ರ ವಸಂತದಲ್ಲಿ ಕೆಲವು ಹುಡುಗ ಹುಡುಗಿಯರು ಶನಿವಾರ ಸಂಜೆ ಶಿಂಜುಕು ನಿಲ್ದಾಣದ ಪಶ್ಚಿಮ ಬಾಗಿಲಿನ ನೆಲಮಾಳಿಗೆಯ ಚೌಕದಲ್ಲಿ ಗಿಟಾರು ಹಿಡಿದು ಯುದ್ಧ ವಿರೋಧಿ ಹಾಡು ಹೇಳತೊಡಗಿದರು. ‘ಜಾನಪದ ಗೆರಿಲ್ಲಾ’ಗಳು ಅಂತ ಇವರ ಹೆಸರು. ಕೆಲಸ ಮುಗಿಸಿ ಮನೆಗೆ ಹೊರಟವರು ನಿಂತು ಕೇಳಿದರು. ಕೇಳಿದವರು ಹಾಡಿದರು, ವಾದ ಮಾಡಿದರು. ವಾರದಿಂದ ವಾರಕ್ಕೆ ಬೆಳೆದು ಜನ ಸಾವಿರಗಟ್ಟಲೆಯಾದರು. ಜೂನ್ ಕೊನೆಗೆ ಪೊಲೀಸರು ಅಶ್ರುವಾಯು ಸಿಡಿಸಿದರು. ಜುಲೈನಲ್ಲಿ ಸರ್ಕಾರಕ್ಕೆ ಇನ್ನೂ ಸುಲಭದ ಉಪಾಯ ಹೊಳೆಯಿತು. ಅಲ್ಲಿದ್ದ ‘ಚೌಕ’ ಅನ್ನುವ ಫಲಕ ತೆಗೆದು ‘ದಾರಿ’ ಅಂತ ಫಲಕ ಹಾಕಿದರು! ಚೌಕವಾದರೆ ನಿಲ್ಲಬಹುದು. ದಾರಿಯಲ್ಲಿ ನಿಲ್ಲುವ ಹಾಗಿಲ್ಲ, ನಡೆಯುತ್ತಿರಬೇಕು. ನಿಂತವರನ್ನೆಲ್ಲ ಪೊಲೀಸರು ಸರಿಯಿರಿ ಸರಿಯಿರಿ ಅಂತ ಓಡಿಸಿದರು. ಹಾಡು ನಿಂತಿತು. ಒಂದೇ ಒಂದು ಪದ ಬದಲಾಯಿಸಿ ಒಂದು ಊರಿನ ಗಂಟಲು ಕಟ್ಟಿದರಲ್ಲ ಅನ್ನಿಸಿ, ಓದುವಾಗ ನಗುವೂ ಬಂತು, ಭಯವೂ ಆಯಿತು.

ತೆರಯಾಮಾನ ಸಿನೆಮಾ ಬಂದದ್ದು ಇದಾದ ಎರಡು ವರ್ಷಕ್ಕೆ. ಅಂದರೆ ಪೇಟೆಗೆ ಹೋಗೋಣ ಅಂತ ಅವನು ಕರೆಯುವ ಹೊತ್ತಿಗೆ ಪೇಟೆಯಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. 1970ರ ಜೂನ್‌ನಲ್ಲಿ ಆ ರಕ್ಷಣಾ ಒಪ್ಪಂದವೂ ತಾನಾಗಿ ಮುಂದುವರಿದಿತ್ತು. ಮೆರವಣಿಗೆ ಸೋತಿತ್ತು. ಹೆಸರಿನ ಇಂಗ್ಲಿಷ್ ಅನುವಾದ ತಪ್ಪು ಅಂತ ಮೊದಲೇ ಹೇಳಿದ್ದು ಇದಕ್ಕೇ. ಸಿನೆಮಾದ ಹುಡುಗ ಯಾವ ಮೆರವಣಿಗೆಯಲ್ಲೂ ಇಲ್ಲ. ಅವನು ಬರೀ ಅಲೆಯುತ್ತಾನೆ. ಅವನಿಗೆ ಉಳಿದಿರುವುದೂ ಅಷ್ಟೇ.

ಇಂಥ ಸಿನೆಮಾಕ್ಕೆ ದುಡ್ಡು ಕೊಟ್ಟವರು ಯಾರು ಅನ್ನುತ್ತೀರಾ? ‘ಆರ್ಟ್ ಥಿಯೇಟರ್ ಗಿಲ್ಡ್’ ಅಂತ 1961ರಲ್ಲಿ ಹುಟ್ಟಿದ ಸಂಸ್ಥೆ. ಮೊದಲು ಹೊರದೇಶದ ಒಳ್ಳೆಯ ಸಿನೆಮಾಗಳನ್ನು ಜಪಾನಿನಲ್ಲಿ ತೋರಿಸುತ್ತಿತ್ತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1966ರಲ್ಲಿ ಜಪಾನಿನ ಜನರಿಗೆ ತಲುಪಿದ್ದು ಇವರಿಂದಲೇ ಅಂತ ತಿಳಿದು ಖುಷಿಯಾಯಿತು. ಆಮೇಲೆ ತಾವೇ ಸಿನೆಮಾ ಮಾಡಿಸಲು ಹೊರಟರು. ಒಂದು ಕೋಟಿ ಯೆನ್ ಬಜೆಟ್ಟು, ಅರ್ಧ ಅವರದು, ಅರ್ಧ ನಿರ್ದೇಶಕನದು. ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಚಿಲ್ಲರೆ ಕಾಸು. ಒಶಿಮಾ ನಾಗಿಸಾನಂಥವರು ಇದೇ ದುಡ್ಡಿನಲ್ಲಿ ಕೆಲಸ ಮಾಡಿದರು. ತೆರಯಾಮಾನ ಈ ಸಿನೆಮಾಕ್ಕೆ ಗಿಲ್ಡ್ ಜೊತೆ ಕೈಜೋಡಿಸಿದ್ದು ಅವನದೇ ಕಂಪನಿ. ಅದರ ಹೆಸರಿನಲ್ಲೂ ಆ ‘ಮನುಷ್ಯ ತುಳಿಯುವ ವಿಮಾನ’ವೇ.

ಸೋತ ಹುಡುಗರ ಮನಸ್ಸು ಎಲ್ಲಿಗೆ ಬಂದಿತ್ತು ಅನ್ನುವುದಕ್ಕೆ 1970ರ ಮಾರ್ಚ್ ತಿಂಗಳ ಕೊನೆಯ ವಾರ ನೋಡಬೇಕು. ‘ಅಶಿತಾ ನೊ ಜೋ’, ಅಂದರೆ ನಾಳೆಯ ಜೋ, ಅಂತ ಒಂದು ಬಾಕ್ಸಿಂಗ್ ಚಿತ್ರಕತೆ ಆಗ ವಾರಪತ್ರಿಕೆಯಲ್ಲಿ ಬರುತ್ತಿತ್ತು. ಕೊಳೆಗೇರಿಯ ಅನಾಥ ಹುಡುಗ ಜೋ. ಅವನ ಎದುರಾಳಿ ರಿಕಿಇಶಿ ಕತೆಯಲ್ಲಿ ಸತ್ತುಹೋದ. ಓದುಗರಿಗೆ ತಡೆಯಲಾಗಲಿಲ್ಲ. ಮಾರ್ಚ್ 24ರಂದು ತೆರಯಾಮಾ ಮುಂದೆ ನಿಂತು, ಕಾಗದದ ಮೇಲಿನ ಆ ಬಾಕ್ಸರನಿಗೆ ನಿಜವಾದ ಉತ್ತರಕ್ರಿಯೆ ಮಾಡಿಸಿದ! ಪತ್ರಿಕೆಯ ಪ್ರಕಾಶಕರ ಕಟ್ಟಡದಲ್ಲಿ ಬೌದ್ಧ ಕ್ರಮದ ಪ್ರಾರ್ಥನೆ, ಸುಮಾರು 700 ಜನ. ಒಂದೇ ವಾರ. ಮಾರ್ಚ್ 31ಕ್ಕೆ ‘ಕೆಂಪು ಸೇನೆ’ಯ ಒಂಬತ್ತು ಹುಡುಗರು ‘ಯೊದೊ’ ಹೆಸರಿನ ವಿಮಾನ ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದರು. ಅವರ ಕತ್ತಿ, ಪಿಸ್ತೂಲುಗಳು ನಕಲಿ. ಹೊರಡುವಾಗ ಬಿಟ್ಟ ಹೇಳಿಕೆಯಲ್ಲಿ ಅವರು ತಮ್ಮನ್ನು ನಾಳೆಯ ಜೋಗಳೆಂದು ಕರೆದುಕೊಂಡಿದ್ದರು. ಒಂಬತ್ತರಲ್ಲಿ ಒಬ್ಬ ವಾಕಾಬಾಯಾಶಿ ಮೊರಿಯಾಕಿ, ‘ಲೆ ರಾಲಿಜ್ ದೆನ್ಯೂದೆ’ ಅನ್ನುವ ಗದ್ದಲದ ರಾಕ್ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು. ಮರುದಿನ, ಏಪ್ರಿಲ್ 1ಕ್ಕೆ, ಟಿವಿಯಲ್ಲಿ ಜೋನ ಕಾರ್ಟೂನು ಶುರುವಾಯಿತು. ಅದರ ಶೀರ್ಷಿಕೆ ಗೀತೆ ಬರೆದವನು ತೆರಯಾಮಾ. ಎಂಟೇ ದಿನದಲ್ಲಿ ಒಂದು ಸುಳ್ಳು ಸಾವಿಗೆ ನಿಜವಾದ ಪ್ರಾರ್ಥನೆ, ಸುಳ್ಳು ಆಯುಧದಿಂದ ನಿಜವಾದ ಅಪಹರಣ, ಕೊನೆಗೊಂದು ಹಾಡು!

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಸ್ವಾರಸ್ಯದ ಕತೆ ಮಾತ್ರ ಆಗುತ್ತಿತ್ತು. ಆದರೆ ಓದುತ್ತಾ ಹೋದಾಗ ಇನ್ನೊಬ್ಬ ಹುಡುಗ ಸಿಕ್ಕಿದ. ಅವನಿಂದಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

1954ರಿಂದ ಜಪಾನಿನ ಉತ್ತರದ ಹಳ್ಳಿಗಳಿಂದ ಟೋಕಿಯೋಗೆ ಪ್ರತಿ ವಸಂತದಲ್ಲಿ ವಿಶೇಷ ರೈಲು ಹೊರಡುತ್ತಿತ್ತು. ಮೊದಲ ರೈಲು ಹೊರಟದ್ದು ಅವೊಮೊರಿಯಿಂದಲೇ. ಒಳಗೆ ತುಂಬಿರುತ್ತಿದ್ದವರು ಹದಿನೈದರ ಹುಡುಗ ಹುಡುಗಿಯರು. ಕಡ್ಡಾಯ ಶಿಕ್ಷಣ ಮುಗಿಯುತ್ತಿದ್ದಂತೆ ಗುಂಪುಗುಂಪಾಗಿ ಕಾರ್ಖಾನೆ, ಅಂಗಡಿಗಳ ಕೆಲಸಕ್ಕೆ. ಇಂಥ ಅಗ್ಗದ ಆಳುಗಳಿಗೆ ಮಾಲೀಕರಲ್ಲಿ ಬಹಳ ಬೇಡಿಕೆ. ‘ಬಂಗಾರದ ಮೊಟ್ಟೆ’ ಅಂತ ಇವರಿಗೆ ಹೆಸರಾಯಿತು. 1965ರ ಮಾರ್ಚ್‌ನಲ್ಲಿ ಹೀಗೆ ಬಂದವರಲ್ಲಿ ಒಬ್ಬ ನಾಗಯಾಮಾ ನೊರಿಯೊ. ಹುಟ್ಟಿದ್ದು 1949ರಲ್ಲಿ ಹೊಕ್ಕೈದೊದಲ್ಲಿ, ಬೆಳೆದದ್ದು ತೆರಯಾಮಾನ ಅದೇ ಅವೊಮೊರಿ ಸೀಮೆಯಲ್ಲಿ. ಅಪ್ಪ ಜೂಜುಕೋರ. ತಾಯಿ ಒಂದು ಚಳಿಗಾಲದಲ್ಲಿ ಕೆಲವು ಮಕ್ಕಳನ್ನು ಬಿಟ್ಟೇ ಹೋಗಿದ್ದಳು. ಟೋಕಿಯೋದಲ್ಲಿ ಹಣ್ಣಿನ ಅಂಗಡಿಯ ಕೆಲಸ. ಅಲ್ಲಿಂದ ಇನ್ನೊಂದು, ಮತ್ತೊಂದು. ಎಲ್ಲೂ ನಿಲ್ಲಲಿಲ್ಲ.

1968ರ ಅಕ್ಟೋಬರ್, ನವೆಂಬರ್‌ಗಳಲ್ಲಿ ಅವನು ಯೊಕೊಸುಕಾದ ಅಮೆರಿಕನ್ ನೆಲೆಯಿಂದ ಕದ್ದ ಪಿಸ್ತೂಲಿನಿಂದ ಟೋಕಿಯೋ, ಕ್ಯೋಟೋ, ಹಾಕೊದಾತೆ, ನಾಗೊಯಾಗಳಲ್ಲಿ ನಾಲ್ವರನ್ನು ಕೊಂದ. ಇಬ್ಬರು ಕಾವಲುಗಾರರು, ಇಬ್ಬರು ಟ್ಯಾಕ್ಸಿ ಚಾಲಕರು. ಅವರೂ ಅವನ ಹಾಗೆ ದುಡಿದು ತಿನ್ನುವವರೇ. ಶಿಂಜುಕು ನಿಲ್ದಾಣಕ್ಕೆ ವಿದ್ಯಾರ್ಥಿಗಳು ನುಗ್ಗಿದ್ದು ಇದೇ ಅಕ್ಟೋಬರಿನಲ್ಲಿ. 1969ರ ಮೊದಲ ತಿಂಗಳುಗಳಲ್ಲಿ, ನೆಲಮಾಳಿಗೆಯಲ್ಲಿ ಗಿಟಾರು ಶುರುವಾದ ಆಸುಪಾಸಿನಲ್ಲೇ, ಅವನು ಅದೇ ಶಿಂಜುಕುವಿನ ಒಂದು ಜಾಜ್ ಕೆಫೆಯಲ್ಲಿ ರಾತ್ರಿ ಪಾಳಿಯ ಮಾಣಿ. ಏಪ್ರಿಲ್ 7ಕ್ಕೆ ಸಿಕ್ಕಿಬಿದ್ದ. ಆಗ ಅವನಿಗೆ ಹತ್ತೊಂಬತ್ತು.

ಅವನ ಬಗ್ಗೆಯೂ ಒಂದು ಸಿನೆಮಾ ಆಯಿತು. ಅದಾಚಿ ಮಸಾವೊ ಮತ್ತು ಗೆಳೆಯರು 1969ರಲ್ಲಿ ಮಾಡಿದ್ದು, ಹೆಸರು ‘ಸರಣಿ ಹಂತಕ’ ಅನ್ನುವ ಅರ್ಥದ್ದು. ಅದರಲ್ಲಿ ಹಂತಕನೇ ಕಾಣುವುದಿಲ್ಲ! ಅವನು ನೋಡಿರಬಹುದಾದ ಬೀದಿ, ನಿಲ್ದಾಣ, ಬಂದರು ಇಷ್ಟೇ, ಹಿನ್ನೆಲೆಯಲ್ಲಿ ಜಾಜ್ ಸಂಗೀತ. ಉತ್ತರದಿಂದ ದಕ್ಷಿಣದವರೆಗೆ ಎಲ್ಲ ಊರೂ ಒಂದೇ ಥರ ಕಾಣುತ್ತವೆ. ಓಡಿಹೋದರೂ ಹೋಗಲು ಜಾಗವಿಲ್ಲ ಅನ್ನುವುದು ಮಾತಿಲ್ಲದೆ ತಿಳಿಯುತ್ತದೆ.

ಜೈಲಿನಲ್ಲಿ ನಾಗಯಾಮಾ ಓದಲು ಶುರುಮಾಡಿದ. ಶಾಲೆಗೆ ಸರಿಯಾಗಿ ಹೋಗದವನು ಒಂದೊಂದೇ ಅಕ್ಷರ ತಿದ್ದಿ, ನೋಟುಪುಸ್ತಕ ತುಂಬಿಸಿದ. ಆ ಬರಹಗಳು ‘ಅಜ್ಞಾನದ ಕಣ್ಣೀರು’ ಅನ್ನುವ ಅರ್ಥದ ಹೆಸರಿನಲ್ಲಿ ಅಚ್ಚಾದವು. ಯಾವಾಗ? 1971ರಲ್ಲಿ. ಇಸವಿಯನ್ನು ಇನ್ನೊಮ್ಮೆ ನೋಡಿದೆ. ಒಂದೇ ಸೀಮೆಯ ಇಬ್ಬರು. ಅದೇ ವರ್ಷ ಒಬ್ಬ ಪುಸ್ತಕ ಬಿಸಾಕಿ ಪೇಟೆಗೆ ಬನ್ನಿ ಅಂತ ಸಿನೆಮಾ ಮಾಡುತ್ತಾನೆ. ಹದಿನೈದಕ್ಕೇ ಪೇಟೆಗೆ ಬಂದು ಕೆಟ್ಟ ಇನ್ನೊಬ್ಬ ಪುಸ್ತಕ ಹಿಡಿಯುತ್ತಾನೆ, ನಾಲ್ಕು ಜೀವ ಹೋದ ಮೇಲೆ.

ಇಬ್ಬರೂ ಮುಖಾಮುಖಿಯಾಗದೆ ಇರಲಿಲ್ಲ. ತೆರಯಾಮಾ ಅವನ ಬಗ್ಗೆ ಬರೆದ. 1977ರಲ್ಲಿ ನಾಗಯಾಮಾ ಜೈಲಿನಿಂದಲೇ ತೆರಯಾಮಾನ ವಿರುದ್ಧ ಒಂದಿಡೀ ಪುಸ್ತಕ ಬರೆದು ತಿರುಗೇಟು ಕೊಟ್ಟ. 1983ರ ಮೇ 4ರಂದು ತೆರಯಾಮಾ ತೀರಿಕೊಂಡ, ಬರೀ 47 ವರ್ಷ. ಅದೇ ವರ್ಷ ನಾಗಯಾಮಾನ ಕತೆಗೆ ಸಾಹಿತ್ಯ ಬಹುಮಾನ ಬಂತು. 1997ರ ಜುಲೈನಲ್ಲಿ ಅವೊಮೊರಿ ಸೀಮೆಯ ಮಿಸಾವಾದಲ್ಲಿ ತೆರಯಾಮಾನ ಸ್ಮಾರಕ ಭವನ ತೆರೆಯಿತು. ಆಗಸ್ಟ್ 1ರಂದು ಟೋಕಿಯೋದಲ್ಲಿ ನಾಗಯಾಮಾನನ್ನು ಗಲ್ಲಿಗೇರಿಸಿದರು. ಪುಸ್ತಕದಿಂದ ಬಂದ ಹಣವನ್ನು ಅವನು ತನ್ನಿಂದ ಸತ್ತವರ ಮನೆಯವರಿಗೆ ಕಳಿಸುತ್ತಿದ್ದ. ಕೊನೆಗೆ ಉಳಿದದ್ದು ಬಡ ಮಕ್ಕಳಿಗೆ ಹೋಗಲಿ ಅಂತ ಬರೆದಿಟ್ಟಿದ್ದ.

ಹಾಗಾದರೆ ತೆರಯಾಮಾ ಹೇಳಿದ್ದು ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಯಾಸುದಾ ಸಭಾಂಗಣದಲ್ಲಿ ಕೂತವರ ಬಳಿ ಪುಸ್ತಕವಿತ್ತು, ಅವರಿಗೆ ಬಿಸಾಕು ಅನ್ನಬಹುದು. ಪರದೆಯ ಹಿಂದೆ ಬೆಳೆದು, ಹಾಸಿಗೆಯಲ್ಲಿ ಓದಿ ಓದಿ ಬೇಸತ್ತವನು ತನಗೆ ತಾನೇ ಹೇಳಿಕೊಂಡ ಮಾತೂ ಅದಿರಬಹುದು. ಆದರೆ ಹಳಿ ಪಕ್ಕದ ಮನೆಯ ಹುಡುಗನ ಹತ್ತಿರ ಬಿಸಾಕಲು ಏನಿತ್ತು? ಸಿನೆಮಾಕ್ಕೂ ಇದು ಗೊತ್ತಿದೆ ಅಂತ ನನಗನ್ನಿಸುತ್ತದೆ. ಅದಕ್ಕೇ ಅವನ ಅಲೆದಾಟಕ್ಕೆ ಒಂದು ಗುರಿ ಅಂತ ಕೊಡುವುದಿಲ್ಲ, ಗೆಲ್ಲಿಸುವುದೂ ಇಲ್ಲ.

ಕೊನೆಯಲ್ಲಿ ಆ ಹುಡುಗ ಮತ್ತೆ ನಮ್ಮ ಕಡೆ ತಿರುಗುತ್ತಾನೆ. ಈಗ ಪಾತ್ರವಾಗಿ ಅಲ್ಲ, ನಟನಾಗಿ. ಸಿನೆಮಾ ಬದುಕುವುದು ಕತ್ತಲಲ್ಲಿ ಮಾತ್ರ, ದೀಪ ಹಾಕಿದರೆ ಮಾಯ, ಪೊಲಾನ್‌ಸ್ಕಿ, ಒಶಿಮಾ, ಅಂತೋನಿಯೋನಿ ಎಲ್ಲರದ್ದೂ ಅಷ್ಟೇ ಅನ್ನುವ ಅರ್ಥದಲ್ಲಿ ಮಾತಾಡಿ ಹೋಗಿಬಿಡುತ್ತಾನೆ. ನಾನೂ ಎದ್ದು ದೀಪ ಹಾಕಿದೆ. ಎದುರಿಗೆ ಪುಸ್ತಕದ ಕಪಾಟು. ಬಿಸಾಕಲು ಮನಸ್ಸಾಗಲಿಲ್ಲ. ಆದರೆ ಇವೆಲ್ಲ ನನ್ನ ಕೈಗೆ ಸರಿಯಾದ ವಯಸ್ಸಿಗೆ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ, ಬರೀ ಅದೃಷ್ಟದಿಂದ ಅಂತ ಅವತ್ತು ಮೊದಲ ಸಲ ಅನ್ನಿಸಿತು.

ನಿಮ್ಮಲ್ಲಿ ಯಾರಾದರೂ ಈ ಸಿನೆಮಾ ನೋಡಿದ್ದೀರಾ? ನೋಡಿಲ್ಲವಾದರೆ ನೋಡಿ. ಮನೆಮಂದಿ ಜೊತೆ ಕೂತು ನೋಡುವಂಥದ್ದಲ್ಲ, ಅದು ಗಮನದಲ್ಲಿರಲಿ. ನಾಗಯಾಮಾನ ಕತೆ ಓದಿದ ಮೇಲೆ ನೋಡಿದರೆ ನಿಮಗೆ ಬೇರೆ ಥರ ಕಾಣುತ್ತದಾ, ಹೇಳಿ. ನಾನೂ ಇನ್ನೊಮ್ಮೆ ನೋಡಬೇಕು ಅಂದುಕೊಂಡಿದ್ದೇನೆ, ಈ ಸಲ ದೀಪ ಹಾಕಿಕೊಂಡು.